ಹಿಂದಿನ ಗಾಲಿ

ಹೆಬ್ಬೆರಳು ಜಾರಿತು, ಮತ್ತೆ ಒತ್ತಿದ, ಮತ್ತೆ ಜಾರಿತು, ಹಿಂದಿನ ಟೈರಿನ ಮೇಲೆ ಗೀರೇ ಉಳಿದಿಲ್ಲ, ಬೋಳು, ಮುಂದಿನವೆರಡು ಮಾತ್ರ ಇನ್ನೂ ಹೊಸ ರಬ್ಬರಿನ ವಾಸನೆ ಬಿಡುತ್ತಿವೆ, ಅಫಜಲಪುರದ ಬೆಳಗಿನ ಬಿಸಿಲಲ್ಲಿ, ರೆಹಾನನ ಟೈರ್ ಅಂಗಡಿಯ ಹಿಂದೆ, ಒಂದು ಪಕ್ಕ ಪೂರಾ ಒಳಗೆ ನುಗ್ಗಿದ ಕಾರು — ಆ ಪಕ್ಕ ಅನೀಲಕುಮಾರ ನೋಡುವುದಿಲ್ಲ, ಅಲ್ಲಿ ಶಿವಕಾಂತಾ ಕೂತಿದ್ದಳು, ಮದುವೆಯಾಗಿ ಹನ್ನೊಂದು ವರ್ಷ, ಯಾವಾಗಲೂ ಹಿಂದೆಯೇ, ಮುಂದ ಕುಂತ್ರ ನಿಮ್ಮ ಡ್ರೈವಿಂಗ್ ನೋಡಿ ನನ್ನ ಎದಿ ಒಡಿತದ್ರಿ ಅನ್ನುತ್ತ, ನಗುತ್ತ. ಎರಡ ಹೊಸಾವು ತೊಗೊಂಡ್ರ ಹಿಂದ ಹಾಕ್ರಿ ಭಾಯಿ, ರೆಹಾನ ಅಂದಿದ್ದ, ಮುಂದಿನವು ಜಾರಿದ್ರ ಗಾಡಿ ಸೀದಾ ಹೋಗ್ತದ, ಬ್ರೇಕ್ ಹಿಡದು ನಿಂದ್ರಸಬಹುದು, ಹಿಂದಿನವು ಜಾರಿದ್ರ ಗಿರಕಿ ಹೊಡಿತದ, ಆಮ್ಯಾಲ ನಿಮ್ಮ ಮಾತು ಕೇಳಂಗಿಲ್ಲ — ಹುಚ್ಚ ಅದಿ ಏನಲೇ, ಸ್ಟೇರಿಂಗ್ ಮುಂದ ಅದನೋ ಹಿಂದ ಅದನೋ, ಅಂದವನು ಅನೀಲಕುಮಾರನೇ, ಊರೆಲ್ಲ ಹೊಸವನ್ನು ಮುಂದೆಯೇ ಹಾಕಿಸುತ್ತದೆ, ಊರೆಲ್ಲ ಬದುಕಿದೆ.

ಅವತ್ತು ಗೊಬ್ಬೂರ ದಾಟಿದ ಮೇಲೆ ರಸ್ತೆ ತುಂಬ ತೊಗರಿ, ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಎಂದು ಗಿಡಸಮೇತ ಹರವಿದ್ದು, ಗಾಲಿಯ ಕೆಳಗೆ ಪಟಪಟ, ಶಿವಕಾಂತಾಳಿಗೆ ಹಿಡಿಸುತ್ತಿದ್ದ ಸದ್ದು, ಆಗಲೇ ಆಡಿನ ಮರಿ ಅಡ್ಡ ಬಂತು, ಬ್ರೇಕ್ ಒತ್ತಿ ಸ್ಟೇರಿಂಗ್ ಎಳೆದ, ಮುಂದಿನ ಗಾಲಿಗಳು ಮಾತು ಕೇಳಿದವು, ಎಷ್ಟು ಚೆನ್ನಾಗಿ ಕೇಳಿದವು, ಮರಿ ಉಳಿಯಿತು, ಬೆನ್ನ ಹಿಂದೆ ಏನೋ ಹಗುರಾಯಿತು, ಕಾರಿನ ಬಾಲ ಮುಂದಕ್ಕೆ ಬರುತ್ತಿದೆ, ಮುಂದಿನ ಗಾಜಿನಲ್ಲಿ ಬಂದ ದಾರಿ ಕಾಣುತ್ತಿದೆ, ಗೊಬ್ಬೂರ ಕಾಣುತ್ತಿದೆ, ಬೇವಿನ ಮರವೊಂದು ಕಾಣಲಿಲ್ಲ, ಅದು ಅವಳ ಕಡೆ ಇತ್ತು. ತೊಗರಿ ತಿರುವುತ್ತಿದ್ದ ಚಂದ್ರಾಮ ಓಡಿಬಂದು ಬಾಗಿಲು ಕಿತ್ತು ಅವಳನ್ನು ಹೊರಗೆ ತೆಗೆದ, ತಲೆಯ ಕೆಳಗೆ ತನ್ನ ರುಮಾಲು ಇಟ್ಟ, ಯವ್ವಾ, ಕಣ್ಣ ತೆರಿ ಯವ್ವಾ, ಅವಳು ತೆರೆಯಲಿಲ್ಲ.

ಈಗ ಕಾರಿನ ಹತ್ತಿರ ಮಾವ ಶಾಂತಲಿಂಗಪ್ಪನವರು ಬಂದು ನಿಂತಿದ್ದಾರೆ, ಕೈಯಲ್ಲಿ ಹಾಳೆ, ಪೆನ್ನು, ಹದಿನಾಲ್ಕು ದಿನದಲ್ಲಿ ಎಷ್ಟು ಮುದುಕರಾಗಿದ್ದಾರೆ, ನಿಮ್ದೇನೂ ತಪ್ಪಿಲ್ರಿ ಅಳಿಯಂದ್ರ, ಆ ಚಂದ್ರಾಮ ರಸ್ತ್ಯಾಗ ತೊಗರಿ ಹಾಕಿದ್ದಕ್ಕ ನನ್ನ ಮಗಳು ಹೋದ್ಲು, ಅವನ ಮ್ಯಾಲ ಕಂಪ್ಲೇಂಟ್ ಬರಸೀನಿ, ಒಂದ ಸಹಿ ಮಾಡ್ರಿ, ನಿಮಗೂ ಹಗುರ ಆಗ್ತದ. ಹಗುರ, ಬೆನ್ನ ಹಿಂದೆ ಆದ ಹಾಗೆ. ಪೆನ್ನು ಬೆರಳ ಹತ್ತಿರ ಬಂದಿದೆ, ಹೆಬ್ಬೆರಳೆಲ್ಲ ಆ ಬೋಳು ಟೈರಿನ ಕಪ್ಪು, ಮುಂದಿನ ಗಾಜಿನಲ್ಲಿ ಬಂದ ದಾರಿ, ದಾರಿಯ ಮೇಲೆ ದೂರಲು ಯಾರೂ ಇಲ್ಲ, ಮುಂದಿನ ಗಾಜಿನಲ್ಲಿ ಬಂದ ದಾರಿ, ಬಂದ ದಾರಿ —

ಮಾಡಂಗಿಲ್ರಿ ಮಾವಾರ, ಅಂದ, ನಾ ಸಹಿ ಮಾಡಂಗಿಲ್ಲ.