ಹನ್ನೊಂದು ಮೊಟ್ಟೆ, ಒಂದೇ ಮೊಳೆ

ಇಪ್ಪತ್ತೆರಡು ವರ್ಷದ ಹಿಂದೆ ನಾಗರಾಜು ಮಾಡಿದ ಸ್ಟೂಲು ಅತ್ತೆಮನೆ ಸೇರಿದ ದಿನವೇ ಮುರಿದುಹೋಯಿತು. ಅದರ ಕಥೆ ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಆಗ ಅವನು ಹೊಸ ಅಳಿಯ. ನೆಲದ ಮೇಲೆ ಕೂತರೆ ಅಮ್ಮನಿಗೆ ಮಂಡಿ ನೋವು ಎಂದು ಹೆಂಡತಿ ಉಷಾರಾಣಿ ಹೇಳಿದ್ದೇ ತಡ, ಸಿಲ್ವರ್ ಓಕ್ ಹಲಗೆ ತಂದು, ಸ್ವಂತ ಕೈಯಿಂದ ಮೊಳೆ ಹೊಡೆದು ಸ್ಟೂಲು ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶನಿವಾರಸಂತೆ ಪಕ್ಕದ ಅತ್ತೆಮನೆಗೆ ಹೋಗಿದ್ದ. ಅತ್ತೆ ನಿಂಗಮ್ಮ ಹತ್ತು ಜನ ನೆಂಟರ ಮುಂದೆ ಅದರ ಮೇಲೆ ಕೂತರು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು.

ಅಂದಿನಿಂದ ಸೀಮಂತವಿರಲಿ, ಗೃಹಪ್ರವೇಶವಿರಲಿ, ನಾಲ್ಕು ಜನ ಸೇರಿದರೆ ನಿಂಗಮ್ಮ ಶುರುಮಾಡುತ್ತಿದ್ದರು. "ನಮ್ ಅಳಿಯಂದ್ರು ಪಾಪ, ಪ್ರೀತಿಯಿಂದ್ಲೇ ಮಾಡಿದ್ರು" ಎಂದು ಬಹುವಚನದಲ್ಲೇ ಅವನ ಮಾನ ಕಳೆಯುವ ಕಲೆ ಅವರಿಗೆ ಒಲಿದಿತ್ತು. "ಹಿಂಗೆ ಕೂತೆ ನೋಡಿ" ಎಂದು ಸೀರೆ ಹಿಡಿದು ಅರ್ಧಕ್ಕೆ ಬಗ್ಗಿ ನಿಲ್ಲುತ್ತಿದ್ದರು. ಆಮೇಲೆ ನಾಲ್ಕು ಕಾಲು ಹೋದ ದಿಕ್ಕುಗಳನ್ನು ಕೈಯಿಂದ ತೋರಿಸುತ್ತಿದ್ದರು. ನಗುವವರು ನಕ್ಕು ಮುಗಿಯುವವರೆಗೆ ನಾಗರಾಜು ಚಪ್ಪರದ ಸೀರಿಯಲ್ ಬಲ್ಬು ಎಣಿಸುತ್ತಾ ಕೂರಬೇಕಿತ್ತು. ಚೆಟ್ಟಳ್ಳಿಯ ಕಾಫಿ ಎಸ್ಟೇಟಿನಲ್ಲಿ ಅವನು ಲೆಕ್ಕ ಬರೆಯುವ ರೈಟರ್. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಆ ಕೈಗೆ ಸುತ್ತಿಗೆ ಕೊಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈ ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ನಿಂಗಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಹಾಗಾಗಿ ಮಗಳ ಮನೆಯಲ್ಲೇ ಉಳಿದರು. ಜೊತೆಗೆ ಬುಟ್ಟಿಯಲ್ಲಿ ಕೆಂಚಿಯೂ ಬಂದಿತ್ತು. ಕೆಂಚಿ ಎಂದರೆ ಅವರ ಕೋಳಿ. ಅದರ ಅಮ್ಮ, ಅಮ್ಮನ ಅಮ್ಮ ಎಲ್ಲ ಅವರ ಹಟ್ಟಿಯಲ್ಲೇ ಮರಿಯಾಗಿ ಬೆಳೆದವು. ಆ ತಳಿಯಲ್ಲಿ ಈಗ ಉಳಿದಿರುವುದು ಇದೊಂದೇ. ಬಂದ ವಾರದಲ್ಲೇ ಕೆಂಚಿ ಹಿತ್ತಲಿನ ಸೌದೆ ಕೊಟ್ಟಿಗೆಯ ಮೂಲೆ ಹುಡುಕಿಕೊಂಡು, ಹಳೆ ಗೋಣಿಚೀಲಗಳ ಮೇಲೆ ಕಾವಿಗೆ ಕೂತಿತು. ಅದರ ಮೊಟ್ಟೆ ಐದು, ಪಕ್ಕದ ಮನೆಯ ಬೋಜಮ್ಮ ಕೊಟ್ಟಿದ್ದು ಆರು. ಕಾವಿಗಿಡುವ ಮೊಟ್ಟೆ ಬೆಸವಾಗಿಯೇ ಇರಬೇಕೆಂದು ನಿಂಗಮ್ಮ ಎರಡು ಸಲ ಎಣಿಸಿದ್ದರು.

ಎಂಟು ದಿನ ಕಳೆದಿರಬೇಕು. ಬೆಳಿಗ್ಗೆ ಬೋಜಮ್ಮ ಬೇಲಿಯ ಆಚೆಯಿಂದ ಕೂಗಿದರು. ಕಾಡುಬೆಕ್ಕು ಅವರ ಗೂಡಿನ ಬಾಗಿಲು ಕಿತ್ತು ಎರಡು ಕೋಳಿ ಹೊತ್ತುಕೊಂಡು ಹೋಗಿತ್ತು. ಕೆಂಚಿ ಕೂತಿದ್ದ ಕೊಟ್ಟಿಗೆಗೋ ಮೇಲೊಂದು ಶೀಟು, ಹಿಂದೊಂದು ಗೋಡೆ, ಉಳಿದದ್ದೆಲ್ಲ ಬಯಲು.

"ಎತ್ತಿ ಒಳಗೆ ತಂದಿಟ್ರಾಯ್ತು" ಎಂದ ನಾಗರಾಜು.

"ಕಾವಿಗೆ ಕೂತಿರೋದ್ನ ಎತ್ತುದ್ರೆ ಮತ್ತೆ ಮೊಟ್ಟೆ ಮೇಲೆ ಕೂರಕಿಲ್ಲ" ಎಂದು ನಿಂಗಮ್ಮ ಮಗಳ ಕಡೆ ತಿರುಗಿದರು. "ಉಷಾ, ಆಚಾರಿನ ಕರ್ಸು. ಕೆಂಚಿ ಸುತ್ತ ಒಂದು ಗೂಡು ಕಟ್ಲಿ."

ಆಚಾರಿ ಎಂಬ ಮಾತು ನಾಗರಾಜುವಿಗೆ ಸರಿಯಾಗಿ ನಾಟಿತು. ಮನೆಯ ಯಜಮಾನ ಎದುರಿಗೇ ನಿಂತಿದ್ದಾನೆ, ಎರಡು ಕೈಯೂ ನೆಟ್ಟಗಿವೆ. "ಯಾರೂ ಬೇಡ. ನಾನೇ ಕಟ್ತೀನಿ" ಎಂದುಬಿಟ್ಟ. ಉಷಾರಾಣಿ ಗಂಡನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಹಾಲು ಆಗಲೇ ಕಾದು ಇಳಿಸಿಯಾಗಿತ್ತು.

ಅವತ್ತು ಕೆಂಚಿಯ ಮೇಲೆ ದೊಡ್ಡ ಬುಟ್ಟಿ ಮುಚ್ಚಿ ಗುಂಡುಕಲ್ಲು ಹೇರಿದರು. ಬೆಳಿಗ್ಗೆ ನೋಡಿದರೆ ಕಾಡುಬೆಕ್ಕು ಬುಟ್ಟಿಯ ಅಂಚನ್ನು ಕಚ್ಚಿ ಹರಿದಿತ್ತು. ಗೂಡು ಮುಗಿಯುವವರೆಗೆ ದಿನವೂ ಎರಡು ಬುಟ್ಟಿ, ಎರಡು ಕಲ್ಲು ಎಂದು ತೀರ್ಮಾನವಾಯಿತು. ನಾಗರಾಜು ಮಡಿಕೇರಿಗೆ ಹೋಗಿ ಸುತ್ತಿಗೆ, ಗರಗಸ, ಡ್ರಿಲ್ಲು, ಜಾಲರಿ, ಐನೂರು ಮೊಳೆಯ ಡಬ್ಬಿ ಎಲ್ಲ ತಂದ. ಅಂಗಿ ತೋಳು ಮಡಚಿ, ಕೊಟ್ಟಿಗೆಯ ಕಂಬಕ್ಕೆ ಮೊದಲ ಮೊಳೆ ಇಟ್ಟು ಒಂದು ಏಟು ಹಾಕಿದ, ಅಷ್ಟೇ.

"ನಿಲ್ಸಿ" ಎಂದರು ನಿಂಗಮ್ಮ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಮೊಟ್ಟೇಲಿ ಜೀವ ಆಡೋ ಹೊತ್ನಲ್ಲಿ ಪಕ್ಕದಲ್ಲಿ ಡಬಡಬ ಬಡಿಯೋದಾ? ಮರಿ ಅಲ್ಲೇ ನಿಂತೋಗ್ತದೆ."

"ಮನೆ ಮುಂದೆ ಮಾಡಿ ತಂದಿಡ್ತೀನಿ ಅತ್ತೆ."

"ಸ್ಟೂಲೂ ಬೇರೆ ಕಡೆ ಮಾಡೇ ತಂದಿದ್ರಿ."

ಆ ಮೂಲೆಯ ನೆಲ ಬೇರೆ ಏರುತಗ್ಗು, ಹೊರಗೆ ಮಾಡಿದ ಪೆಟ್ಟಿಗೆ ಅಲ್ಲಿ ಸರಿಯಾಗಿ ಕೂರುವಂತಿರಲಿಲ್ಲ. ನಾಗರಾಜು ಸುತ್ತಿಗೆ ಹಿಡಿದುಕೊಂಡೇ ನಿಂತ. ನಿಂಗಮ್ಮ, "ಬಿದಿರು ಕಡ್ಕೊಂಡು ಬನ್ನಿ, ತೆಂಗಿನ ನಾರಿನ ಹಗ್ಗ ತನ್ನಿ. ಕಟ್ಟಿ ನಿಲ್ಸಾನ" ಎಂದರು.

ಅವರ ಯಜಮಾನರು ಊರಿನ ಮದುವೆಗಳಿಗೆಲ್ಲ ಚಪ್ಪರ ಕಟ್ಟುತ್ತಿದ್ದವರು. ಹಗ್ಗದ ಇನ್ನೊಂದು ತುದಿ ಮೂವತ್ತು ವರ್ಷ ನಿಂಗಮ್ಮನ ಕೈಯಲ್ಲಿತ್ತು. ಈಗ ಬಗ್ಗುವ ಹಾಗಿಲ್ಲ. ಹಾಗಾಗಿ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು, ನಾಗರಾಜು ಮಂಡಿಯೂರಿ ಕಟ್ಟುವುದು ಎಂದಾಯಿತು.

ಸಂಜೆ ನಾಲ್ಕೂವರೆಗೆ ಎಸ್ಟೇಟಿನಿಂದ ಬಂದವನೇ ಕಾಫಿ ಕುಡಿದು ಹಿತ್ತಲಿಗೆ ಹಾಜರಾಗುತ್ತಿದ್ದ. ಮೊದಲ ದಿನ ಎರಡು ಬಿದಿರು ತುಂಡು ಸೇರಿಸಿ ಕಟ್ಟಿ ಅತ್ತೆಯ ಕೈಗೆ ಕೊಟ್ಟ. ನಿಂಗಮ್ಮ ಹೆಬ್ಬೆರಳಿನಿಂದ ಗಂಟು ಒತ್ತಿ ನೋಡಿ, "ಬಿಚ್ಚಿ" ಎಂದರು. ಮತ್ತೆ ಕಟ್ಟಿದ. "ಬಿಚ್ಚಿ." ಅಂದು ಹದಿನೇಳು ಸಲ ಬಿಚ್ಚಿದ. ಅಂಗೈ ಕೆಂಪಗಾಗಿ ಉರಿಯಿತು. ಮರುದಿನ ಆಳುಗಳ ಹಾಜರಿ ಬರೆಯುವ ಮಸ್ಟರ್ ಪುಸ್ತಕದಲ್ಲಿ ಅವನ ಮುತ್ತಿನಂಥ ಅಕ್ಷರಗಳು ಕಾಲು ಉಳುಕಿದವರ ಹಾಗೆ ನಡೆದವು.

ಮೂರನೆಯ ದಿನ ಒಂದು ಗಂಟನ್ನು ನಿಂಗಮ್ಮ ಒತ್ತಿದರು, ಎಳೆದರು, ತಿರುಗಿಸಿದರು. ಬಿಚ್ಚಿ ಎನ್ನಲಿಲ್ಲ. "ಇನ್ನೊಂದು" ಎಂದರು. ಎಸ್ಟೇಟಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ನಾಗರಾಜುವಿಗೆ ಅಷ್ಟು ಸಂತೋಷವಾಗಿರಲಿಲ್ಲ. ಅಲ್ಲಿಂದ ಕೆಲಸ ಓಡಿತು. ಕೆಂಚಿಯ ಸುತ್ತ ಎರಡಡಿ ಎತ್ತರಕ್ಕೆ ಬಿದಿರಿನ ಗೂಟಗಳು ನಿಂತವು, ಅಡ್ಡಪಟ್ಟಿ ಬಂದವು, ಬದಿಗೆ ಜಾಲರಿ, ಬುಡಕ್ಕೆ ಕಲ್ಲು, ಎದುರಿಗೆ ಚಿಕ್ಕ ಬಾಗಿಲು. ಮೇಲೆ ದಪ್ಪ ಬಿದಿರುಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದ. ಕೈಗೆ ಎಟುಕುವ ಗಂಟುಗಳನ್ನು ನಿಂಗಮ್ಮ ಬೆರಳಿನಿಂದ ನೋಡಿದರೆ, ಕೆಳಗಿನವನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಪಾಸು ಮಾಡುತ್ತಿದ್ದರು. ಕೆಂಚಿ ಇದನ್ನೆಲ್ಲ ಒಂದೇ ಕಣ್ಣಿನಲ್ಲಿ ನೋಡುತ್ತಾ ಕೂತಿತ್ತು.

ಮಾತಿಗೆ ಮಾತು ಬೆಳೆದು ಎಷ್ಟೋ ವಿಷಯ ಹೊರಬಂತು. ಯಜಮಾನರಿಗೆ ಮೊದಮೊದಲು ಗಂಟೇ ನಿಲ್ಲುತ್ತಿರಲಿಲ್ಲವಂತೆ, ಒಂದು ಮದುವೆಯಲ್ಲಿ ಚಪ್ಪರ ವಾಲಗದವರ ಮೇಲೇ ಕುಸಿದಿತ್ತಂತೆ. "ಅದ್ನ ಯಾರ್ಗೂ ಹೇಳಿಲ್ಲ ನಾನು" ಎಂದರು ನಿಂಗಮ್ಮ. ಸ್ಟೂಲಿನ ಕಥೆಯನ್ನು ಮಾತ್ರ ಜಿಲ್ಲೆಗೆಲ್ಲ ಹೇಳಿದ್ದೀರಿ ಎಂದು ನಾಗರಾಜುವಿನ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

ಆರನೆಯ ದಿನ ಸಂಜೆ ಆಕಾಶ ಕಪ್ಪಾಗಿ ಗುಡುಗಲು ಶುರುವಾಯಿತು. ಮನೆಯ ಶೀಟೆಲ್ಲ ಅದುರಿತು.

"ಬಡೀಬೇಡಿ ಅಂತ ಇದಕ್ಕೆ ಯಾರು ಹೇಳ್ತಾರೆ ಅತ್ತೆ?" ಎಂದ ನಾಗರಾಜು.

ನಿಂಗಮ್ಮ ಕನ್ನಡಕ ಅಲ್ಲಾಡುವ ಹಾಗೆ ನಕ್ಕರು. ಅತ್ತೆ ತನ್ನನ್ನು ನೋಡಿ ನಕ್ಕಿದ್ದನ್ನು ಅವನು ಬೇಕಾದಷ್ಟು ಸಲ ಕಂಡಿದ್ದ, ತನ್ನ ಮಾತಿಗೆ ನಕ್ಕಿದ್ದು ಇದೇ ಮೊದಲು. "ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂದ್ರೆ ಮಗ್ಗುಲಲ್ಲಿ ಒಂಚೂರು ಕಬ್ಬಿಣ, ಒಂದು ಇದ್ದಿಲು ಇಡ್ಬೇಕು. ನಿಮ್ ಡಬ್ಬೀಲಿ ಒಂದು ಮೊಳೆ ತೆಗೀರಿ" ಎಂದರು. ಅವನೇ ಕೈ ಹಾಕಿ ಇಟ್ಟ, ಕೆಂಚಿ ಎರಡು ಸಲ ಚೆನ್ನಾಗಿಯೇ ಕುಕ್ಕಿತು. ಐನೂರು ಮೊಳೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಮರುದಿನ ಗೂಡು ಮುಗಿಯಿತು. ಎರಡು ದಿನ ಬಿಟ್ಟು ಬೆಳಿಗ್ಗೆ ನೋಡಿದರೆ ಬಿದಿರಿನ ಮೇಲೆ ಉಗುರಿನ ಗೀರುಗಳಿದ್ದವು, ಜಾಲರಿ ಒಂದು ಕಡೆ ಒಳಗೆ ತಗ್ಗಿತ್ತು. ಗಂಟು ಒಂದೂ ಸಡಿಲಾಗಿರಲಿಲ್ಲ. ಕೆಂಚಿ ಕೂತಲ್ಲೇ ಕೂತಿತ್ತು. ನಿಂಗಮ್ಮ ಗೂಡಿನ ಸುತ್ತ ಕೈಯಾಡಿಸಿ ಒಳಗೆ ಹೋದರು. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು ಎಂದು ನಾಗರಾಜುವಿಗೆ ನಿಜವಾಗಿಯೂ ಬೇಸರವಾಯಿತು.

ಕಾವಿಗೆ ಕೂತ ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಹೊರಬಂದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಆ ಎರಡು ನನ್ನ ಸುತ್ತಿಗೆ ಏಟಿನ ಪಾಲು ಎಂದುಕೊಂಡು ನಾಗರಾಜು ಅತ್ತೆಯ ಬಾಯಿಂದ ಅದು ಬರುವುದನ್ನೇ ಕಾಯುತ್ತಿದ್ದ. ನಿಂಗಮ್ಮ ಬೇಲಿಯ ಕಡೆ ತಿರುಗಿ, "ಬೋಜಮ್ಮ, ನಿಮ್ ಹುಂಜಕ್ಕೆ ವಯಸ್ಸಾಯ್ತು" ಎಂದರು.

ಅದೇ ವಾರ ಡಾಕ್ಟರು ಕಣ್ಣು ನೋಡಿ, ಇನ್ನು ಬಗ್ಗಬಹುದು, ಊರಿಗೂ ಹೋಗಬಹುದು ಎಂದರು. ಹೊರಡುವ ಹಿಂದಿನ ಸಂಜೆ ಮರಿ ನೋಡಲು ಬೋಜಮ್ಮ ತಮ್ಮ ನೆಂಟರಿಬ್ಬರನ್ನು ಕರೆದುಕೊಂಡು ಬಂದರು. ಹಿತ್ತಲಿನಲ್ಲಿ ನಾಲ್ಕು ಜನ ಸೇರಿದಂತಾಯಿತು. ನಿಂಗಮ್ಮ ಗಂಟಲು ಸರಿಮಾಡಿಕೊಂಡರು.

"ನಮ್ ಅಳಿಯಂದ್ರು ಪಾಪ, ಪ್ರೀತಿಯಿಂದ್ಲೇ ಒಂದು ಸ್ಟೂಲು ಮಾಡಿದ್ರು."

ನಾಗರಾಜು ತನ್ನ ಅಂಗೈ ನೋಡಿಕೊಂಡ. ಬೊಬ್ಬೆ ಇನ್ನೂ ಮಾಸಿರಲಿಲ್ಲ. ಇಷ್ಟೆಲ್ಲ ಆದಮೇಲೂ ಅದೇ ಸ್ಟೂಲೇ. ಉಷಾರಾಣಿ ಗಂಡನ ಮುಖ ನೋಡಲಾರದೆ ಮರಿಗಳಿಗೆ ನುಚ್ಚು ಹಾಕತೊಡಗಿದಳು. ಸಿಲ್ವರ್ ಓಕ್ ಹಲಗೆ ಬಂತು, ಬಸ್ಸು ಬಂತು, ಹತ್ತು ಜನ ನೆಂಟರೂ ಬಂದರು. ಕಥೆ ಒಂದು ಅಕ್ಷರ ತಪ್ಪದೆ ನಡೆಯಿತು.

"ಹಿಂಗೆ ಕೂತೆ ನೋಡಿ" ಎಂದು ನಿಂಗಮ್ಮ ಸೀರೆ ಹಿಡಿದು ಬಗ್ಗಿದರು.

ಅರ್ಧಕ್ಕೆ ನಿಲ್ಲಲಿಲ್ಲ. ಪೂರ್ತಿ ಬಗ್ಗಿ, ಮೈಯ ಭಾರವನ್ನೆಲ್ಲ ಬಿಟ್ಟು, ಕೋಳಿಗೂಡಿನ ಮೇಲೆ ಕೂತರು. ಒಳಗೆ ಕೆಂಚಿಯಿತ್ತು, ಒಂಬತ್ತು ಮರಿಗಳಿದ್ದವು. ನಾಗರಾಜು ಕಣ್ಣು ಮುಚ್ಚಿಕೊಂಡ. ಬಿದಿರು ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಮರಿಗಳು ಏನೂ ಆಗಿಲ್ಲವೆಂಬಂತೆ ಚಿಂವ್‌ಗುಟ್ಟುತ್ತಲೇ ಇದ್ದವು.

ನಿಂಗಮ್ಮ ಎರಡು ಕಾಲನ್ನೂ ನೆಲದಿಂದ ಮೇಲೆತ್ತಿ, ಒಂದರ ಮೇಲೊಂದು ಹಾಕಿಕೊಂಡರು.

"ಆಮೇಲೆ ಏನಾಯ್ತು?" ಎಂದರು ಬೋಜಮ್ಮ.

"ಆಮೇಲೇನು, ಕೂತಿದೀನಲ್ಲ" ಎಂದರು ನಿಂಗಮ್ಮ. "ಉಷಾ, ಅಳಿಯಂದ್ರಿಗೆ ಮೊದ್ಲು ಕಾಫಿ ಕೊಡು."