ರೀಡಿ ಗುಡ್ಡದ ನೇರಕ್ಕೆ

ನಮ್ಮ ಕೌಂಟಿಯ ಬಗ್ಗೆ ವರ್ಷಕ್ಕೊಂದು ಪುಟ ಬರೆದುಕೊಡುವುದು ಕಚೇರಿಯಲ್ಲಿ ನನ್ನ ಕೆಲಸ. ಪ್ರತಿ ಸಲವೂ ಜನಸಂಖ್ಯೆ ಇಳಿಸುತ್ತೇನೆ, ಮುಚ್ಚಿದ ಶಾಲೆಯ ಹೆಸರು ಹೊಡೆದುಹಾಕುತ್ತೇನೆ. 'ರಮಣೀಯ ಗುಡ್ಡಗಳು' ಎಂಬ ಮಾತನ್ನು ಮಾತ್ರ ಮೇಲಿನವರು ತೆಗೆಯಗೊಡುವುದಿಲ್ಲ. ಕಲ್ಲಿದ್ದಲಿಗಾಗಿ ಗುಡ್ಡದ ತಲೆ ಹಾರಿಸುವವರು ಗುಡ್ಡ ಉಳಿಸಿದ್ದರೆ ತಾನೇ!

ಈ ಮೇ ತಿಂಗಳಲ್ಲಿ ಆ ಗಣಿ ಕಂಪನಿಯವರು ನಮ್ಮ ಮನೆತನದ ಸ್ಮಶಾನದವರೆಗೂ ಬಂದರು. ಗೋರಿಗಳನ್ನೆಲ್ಲ ಪಟ್ಟಣದ ಪಕ್ಕದ ಬಯಲಿಗೆ ಸಾಗಿಸುತ್ತಾರಂತೆ. ಕಲ್ಲಿನ ಮೇಲೆ ಹೆಸರಿದ್ದವರಿಗೆ ಬೇರೆ ಬೇರೆ ಜಾಗ, ಹೆಸರಿಲ್ಲದವರೆಲ್ಲ ಒಂದೇ ಗುಂಡಿಗೆ.

ನನ್ನ ಸೋದರತ್ತೆ ವರ್ಲಿಗೆ ಎಂಬತ್ತೊಂದು ವರ್ಷ. ಅವಳ ಮಗು ಓರಿನ್ ಬದುಕಿದ್ದು ಹನ್ನೊಂದೇ ದಿನ. ಆಗ ಗಣಿಯಲ್ಲಿ ಮುಷ್ಕರ; ಹೆಸರು ಕೆತ್ತಿಸಲು ಗತಿಯಿಲ್ಲದೆ ಹಳ್ಳದ ಕಲ್ಲೊಂದನ್ನು ನೆಟ್ಟಿದ್ದರು. ಅಂಥ ಕಲ್ಲುಗಳು ಅಲ್ಲಿ ಒಂಬತ್ತಿವೆ. ನಾಳೆ ತಾನು ಸತ್ತಾಗ ಹೊಸ ಜಾಗದಲ್ಲಿ ಓರಿನ್ ತನ್ನ ಪಕ್ಕದಲ್ಲೇ ಇರಬೇಕೆಂಬುದು ಅತ್ತೆಯ ಆಸೆ. ಅದಕ್ಕೆ ಅವನ ಕಲ್ಲು ಯಾವುದೆಂದು ತೋರಿಸಿ ಸಹಿ ಹಾಕಬೇಕು.

"ಕಣ್ಣು ಕಟ್ಟಿ ಬಿಟ್ರೂ ತೋರಿಸ್ತೀನಿ ಕಣೇ ಡೆಲ್ಮಾ," ಎಂದಳು ಸ್ಮಶಾನಕ್ಕೆ ಹತ್ತುವಾಗ ಟ್ರಕ್ಕಿನಲ್ಲಿ. "ಅಮ್ಮನ ಗೋರಿ ಹತ್ರ ನಿಂತು ರೀಡಿ ಗುಡ್ಡದ ತುದಿ ನೋಡ್ಬೇಕು. ಆ ನೇರಕ್ಕೆ ಸಿಗೋ ಕಲ್ಲೇ ನನ್ ಮಗಂದು."

ಗೇಟಿನಲ್ಲಿ ಕಂಪನಿಯ ಅಳತೆಗಾರ ಪ್ರೂಯಿಟ್ ಹೆಲ್ಮೆಟ್ ಕೊಟ್ಟ.

"ಇದ್ಯಾಕೋ? ಸತ್ತವ್ರೇನ್ ಕಲ್ ಹೊಡೀತಾರಾ?" ಎಂದು ಅತ್ತೆ ಕೆಣಕಿದಳು.

"ರೂಲ್ಸು ಅಜ್ಜಿ, ನನ್ ತಲೆ ತಿನ್ಬೇಡಿ," ಎಂದು ಅವನೂ ನಕ್ಕ.

ತನ್ನ ಅಮ್ಮನ ಗೋರಿಯ ಪಕ್ಕ ನಿಂತು ಅತ್ತೆ ತಲೆಯೆತ್ತಿದಳು. ಎದುರಿಗೆ ಬರೀ ಆಕಾಶ, ಅದರ ಕೆಳಗೆ ಬೋಳು ಬಯಲು.

"ರೀಡಿ ಎಲ್ಲೇ?"

ನನಗೆ ಮೂರು ವರ್ಷದಿಂದ ಗೊತ್ತಿತ್ತು. ಮಂಡಿ ಕೆಟ್ಟು ಕಣಿವೆಯ ಮನೆಯಿಂದ ಮೇಲೆ ಹತ್ತಲಾಗದೆ ಉಳಿದಿದ್ದ ಅತ್ತೆಗೆ ಹೇಳುವ ಧೈರ್ಯವಾಗಿರಲಿಲ್ಲ. ನನ್ನ ಹೇಡಿತನಕ್ಕಿಷ್ಟು ಬೆಂಕಿ ಹಾಕ.

"ಅದನ್ನ ತೆಗೆದ್ಬಿಟ್ರು ಅತ್ತೆ."

ಅವಳು ಎಡಕ್ಕೆ ಒಂದು ಹೆಜ್ಜೆ ಇಟ್ಟಳು, ಬಲಕ್ಕೆ ಎರಡು. ಮತ್ತೆ ಹಿಂದಕ್ಕೆ ಬಂದಳು. ಪ್ರೂಯಿಟ್ ಪಾಪ, ಬಹಳ ಹೊತ್ತು ಕಾದ.

"ಯಾವ್ದು ಅಜ್ಜಿ?"

"ಇದು," ಎಂದು ಹತ್ತಿರವಿದ್ದ ಕಲ್ಲನ್ನು ಮುಟ್ಟಿದಳು. "ಓರಿನ್ ಅಂತ ಬರ್ಕೊ." ಸಹಿ ಹಾಕಿದಳು.

ಇಳಿಯುವಾಗ ಅರ್ಧ ದಾರಿಯಲ್ಲಿ ತಡೆಯಲಾರದೆ ನಾನೇ, "ಅದೇ ಇರ್ಬಹುದಲ್ವಾ ಅತ್ತೆ?" ಎಂದೆ.

"ಯಾರ್ ಮಗುನೋ ಏನೋ. ಪಕ್ಕದಲ್ಲಿ ಮಲಗಿಸ್ಕೋತೀನಿ ಬಿಡು," ಎಂದಳು. "ನನ್ನ ಓರಿನ್ನ ಮಾತ್ರ ನಾನೇ ಕೈಯಾರೆ ಆ ಹೆಸರಿಲ್ಲದೋರ ಗುಂಡಿಗೆ ಹಾಕಿ ಬಂದೆ."