ಹೋಗುವ ವೇಗ

ಸೊಸೆಗೆ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ, ಅದಕ್ಕಾಗಿ ಅವಳು ಅತ್ತವಳಲ್ಲ. ಅವಳಿಗೆ ಬೇಕಾಗಿದ್ದದ್ದು ಮೇಲಿನ ಕೋಣೆಗೆ ಇಂಟರ್ನೆಟ್.

ಗಂಡ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹಡಗು ಬಂದರಿನಲ್ಲಿದ್ದಾಗ ಮಾತ್ರ ಅವನಿಗೆ ನೆಟ್. ಮನೆಯ ರೌಟರ್ ಕೆಳಗೆ ಅತ್ತೆಯ ಹೊಲಿಗೆ ಅಂಗಡಿಯಲ್ಲಿತ್ತು. ಅಲ್ಲೇ ಕೂತು ವಿಡಿಯೋ ಕಾಲ್ ಮಾಡಬಹುದಿತ್ತು. ಆದರೆ ಅತ್ತೆಗೂ ನಾದಿನಿಗೂ ಅವಳ ಕೈಮಾತು ಚೆನ್ನಾಗಿ ಗೊತ್ತು, ಗಿರಾಕಿಗಳೂ ಅರ್ಧಂಬರ್ಧ ಕಲಿತಿದ್ದರು. ಕೈಮಾತಿನಲ್ಲಿ ಪಿಸುಗುಟ್ಟಲು ಬರುವುದಿಲ್ಲ. ಗಂಡನಿಗೆ ಹೇಳುವುದನ್ನು ಪ್ಯಾಂಟು ಗಿಡ್ಡ ಮಾಡಿಸಲು ಬಂದವರ ಮುಂದೆ ಯಾರು ಹೇಳುತ್ತಾರೆ?

ವೈಫೈ ಎರಡು ತಾರಸಿ ದಾಟಿ ಮೇಲಿನ ಕೋಣೆಗೆ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಮೊಬೈಲ್ ಸಿಗ್ನಲ್ ಆ ಓಣಿಯ ಮುಖ ನೋಡಿದ್ದೇ ಕಡಿಮೆ. ಕಳೆದ ಸಲ ಹಡಗು ಬಂದರಿನಲ್ಲಿದ್ದಾಗ ಇಬ್ಬರೂ "ಕಾಣಿಸ್ತಿಲ್ಲ", "ಈಗ?", "ಇಲ್ಲ" ಎಂದು ಟೈಪ್ ಮಾಡುವುದರಲ್ಲೇ ಕಾಲ್ ಮುಗಿದಿತ್ತು. ಆ ದಿನ ಅವಳು ಊಟಕ್ಕೆ ಇಳಿದು ಬಂದಿರಲಿಲ್ಲ.

ಈ ಸಲ ನಾದಿನಿ ತಾನು ಕೆಲಸ ಮಾಡುವ ಮೊಬೈಲ್ ಅಂಗಡಿಯಿಂದ ಎರಡು ಜೋಡಿ ಪವರ್‌ಲೈನ್ ಅಡಾಪ್ಟರ್ ತಂದಳು. ಒಂದು ಹಳೆಯದು, ಬಿಳಿ, ಚಿಕ್ಕದು. ಇನ್ನೊಂದು ಹೊಸದು, ಕಪ್ಪು, ಸೋಪಿನ ಡಬ್ಬಿಯಷ್ಟು. ಜೋಡಿಯಲ್ಲಿ ಒಂದನ್ನು ರೌಟರ್ ಪಕ್ಕದ ಸಾಕೆಟ್ಟಿಗೆ, ಇನ್ನೊಂದನ್ನು ಮೇಲಿನ ಕೋಣೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಇಂಟರ್ನೆಟ್ ಕರೆಂಟಿನ ತಂತಿಯಲ್ಲೇ ಮೇಲೆ ಹತ್ತಿ ಬರುತ್ತದೆ. ಯಾವುದು ಜೋರೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕೊಡಬೇಕು.

"ಗೋಡೆಗೆ ಚುಚ್ಚಿದ್ರೆ ಇಂಟರ್ನೆಟ್ಟಲ್ಲ, ಶಾಕ್ ಬರುತ್ತೆ," ಎಂದಳು ಅತ್ತೆ.

"ಬಂದ್ರೆ ಮೊದಲು ನಿಂಗೇ ಕೊಡ್ತೀನಮ್ಮ. ಈಗ ಮಷೀನ್ ನಿಲ್ಸು. ಫ್ರಿಜ್ಜೂ ಆಫ್ ಮಾಡ್ತೀನಿ. ಪರೀಕ್ಷೆ ಅಂದ್ರೆ ಪರೀಕ್ಷೆ ಥರ ಆಗ್ಬೇಕು."

"ಹಾಲು ಒಡೆದ್ರೆ ನೀನೇ ಕುಡಿ."

ಅತ್ತೆ ಮೋಟಾರಿನ ಸ್ವಿಚ್ ಆರಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನೆ ಕೂತಳು. ನಾದಿನಿ ಮೆಟ್ಟಿಲು ಹತ್ತಿ ಇಳಿದು ಎರಡು ಜೋಡಿಯನ್ನೂ ಅಳೆದಳು. ಬಿಳಿಯದರಲ್ಲಿ ಬರುವ ವೇಗ ಹತ್ತೊಂಬತ್ತು ಎಂಬಿಪಿಎಸ್, ಹೋಗುವ ವೇಗ ಹದಿನಾಲ್ಕು. ಕಪ್ಪಿನಲ್ಲಿ ಬರುವುದು ಅರವತ್ತನಾಲ್ಕು, ಹೋಗುವುದು ಮೂವತ್ತೊಂದು. ಮೂರು ಸಲ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಕೊನೆಗೆ ತಾನು ಕೆಳಗೆ ಕೂತು ಅತ್ತಿಗೆಗೆ ಮೇಲಿಂದ ವಿಡಿಯೋ ಕಾಲ್ ಮಾಡಲು ಹೇಳಿದಳು. ಪರದೆಯಲ್ಲಿ ಅತ್ತಿಗೆಯ ಬೆರಳಿನ ಉಂಗುರ ಕೂಡ ಹೊಳೆಯಿತು.

"ವಟವಟ, ಕಾಣಿಸ್ತಿದ್ಯಾ?" ಎಂದು ಅತ್ತಿಗೆಯ ಕೈ ಕೇಳಿತು. ಕೊಕ್ಕಿನಂತೆ ತೆರೆದು ಮುಚ್ಚುವ ಬೆರಳು, ಅದೇ ಕೈಮಾತಿನಲ್ಲಿ ನಾದಿನಿಯ ಹೆಸರು.

"ನಿಮ್ಮ ಉಗುರಿನ ಕೊಳೆನೂ ಕಾಣಿಸ್ತಿದೆ."

ಬಿಳಿಯದನ್ನು ನಾದಿನಿ ಡಬ್ಬಿಗೆ ಹಾಕಿದಳು.

ಕಾಲ್‌ಗೆ ಮೊದಲು ಅವಳು ಮೇಲೆ ಹೋಗಿ ಅತ್ತಿಗೆಯ ಪಕ್ಕ ಕೂತಳು. "ಅಣ್ಣನಿಗೆ ಏನು ಹೇಳ್ತೀರ?"

"ಹಡಗಲ್ಲಿ ಈ ವಾರ ಹೊಸ ಕರಾರಿಗೆ ಸಹಿ ತಗೋತಾರೆ. ಇನ್ನೂ ಒಂದು ವರ್ಷ. ಹಾಕಬೇಡ ಅಂತ ಹೇಳಬೇಕು."

"ಮೆಸೇಜ್ ಮಾಡಿ ಬಿಸಾಕಿ. ಅದಕ್ಕೆ ಇಷ್ಟೆಲ್ಲ ಬೇಕಾ?"

ಅತ್ತಿಗೆ ತಲೆಯಾಡಿಸಿದಳು. "ಬರೆದು ಕೇಳಿದ್ರೆ ಬರೆದು ಉತ್ತರ ಕೊಡ್ತಾನೆ. ಬರವಣಿಗೆಯಲ್ಲಿ ನಿಮ್ಮಣ್ಣ ಸಭ್ಯಸ್ಥ. ಅವನ ಮುಖ ನೋಡಿ ಕೇಳಬೇಕು. ನನ್ನ ಕೈಯೂ ಅವನು ನೋಡಬೇಕು. ಬರೆದ್ರೆ ನಂದು ಪಾಠ ಒಪ್ಪಿಸಿದ ಹಾಗಿರುತ್ತೆ."

ಸಂಜೆ ಕಾಲ್ ಬಂತು. ಹಡಗು ಹೊರಡಲು ನಲವತ್ತು ನಿಮಿಷವಷ್ಟೇ ಇತ್ತು. ನಾದಿನಿ ಬಾಗಿಲು ಎಳೆದುಕೊಂಡು ಕೆಳಗಿಳಿದಳು. ಸ್ವಲ್ಪ ಹೊತ್ತಿನಲ್ಲೇ ಅತ್ತೆ ಮೋಟಾರಿನ ಸ್ವಿಚ್ ಹಾಕಿ ಸಮವಸ್ತ್ರದ ರಾಶಿಗೆ ಕೈಹಚ್ಚಿದಳು.

"ಅಮ್ಮ, ಮೇಲೆ ಮಾತಾಡ್ತಿದ್ದಾರೆ."

"ಆಡ್ಲಿ. ಬೇರೆ ಮನೇಲಾದ್ರೆ ಸದ್ದು ಅಂತ ನಿಲ್ಲಿಸ್ಬೇಕಿತ್ತು. ಇವಳಿಗೇನೇ ತೊಂದ್ರೆ? ಸುಮ್ನೆ ಕೂತ್ರೆ ನನ್ನ ಕಣ್ಣು ಮೆಟ್ಟಿಲ ಕಡೆಗೇ ಹೋಗುತ್ತೆ. ಸೂಜಿ ನೋಡ್ಕೊಂಡಿರೋದೇ ವಾಸಿ."

ಮಾತು ಸರಿಯೆನಿಸಿತು. ನಾದಿನಿಯೂ ಗುಂಡಿ ಹಚ್ಚಲು ಕೂತಳು. ಹಡಗು ಹೊರಡುವವರೆಗೂ ಮಷೀನು ಓಡಿತು.

ಸೊಸೆ ಇಳಿದು ಬಂದಾಗ ಅವಳ ಕೈಗಳು ಒಂದರ ಮೇಲೊಂದು ಬೀಳುತ್ತಿದ್ದವು. "ಒಪ್ಪಿದ. ಎಲ್ಲ ಹೇಳಿದೆ, ಕೊನೆಗೆ ಕೇಳಿದೆ. ಹೂಂ ಅಂದ, ಎರಡು ಸಲ. ಎಷ್ಟು ಚೆನ್ನಾಗಿ ಕಾಣಿಸಿದ ಗೊತ್ತಾ, ಗಡ್ಡದಲ್ಲಿ ಒಂದು ಬಿಳಿ ಕೂದಲು." ಅತ್ತೆ ನಕ್ಕು, "ಅವರಪ್ಪನಿಗೂ ಹಾಗೇ ಬೇಗ ಬಂತು," ಎಂದಳು. ಸೊಸೆ ಮತ್ತೆ ಮೇಲೆ ಹೋಗಿ ಮಂಚದ ಕೆಳಗಿಂದ ಗಂಡನ ಚಪ್ಪಲಿ ಎಳೆದು, ಧೂಳು ಒರೆಸಿ, ತನ್ನ ಚಪ್ಪಲಿಯ ಪಕ್ಕ ಇಟ್ಟಳು.

ನಾದಿನಿಯ ಫೋನಿಗೆ ಅಣ್ಣನ ಮೆಸೇಜು ಬಂದದ್ದು ಅವಳು ಅಂಗಡಿಯ ಕಸ ಗುಡಿಸುತ್ತಿದ್ದಾಗ. "ಹಡಗು ಹೊರಟಿದೆ, ಸಿಗ್ನಲ್ ಹೋಗುತ್ತೆ. ನಿಮ್ಮತ್ತಿಗೆ ಏನು ಹೇಳಿದಳು ಅಂತ ಕೇಳಿ ಇಡು. ಮೊದಲ ಎರಡು ಮಾತು ಬಿಟ್ರೆ ಅವಳ ಕೈ ಬರೀ ಮಂಜು. ಕಾಣಿಸ್ತಿಲ್ಲ ಅಂದ್ರೆ ಹೋದ ಸಲದ ಹಾಗೆ ಆಗುತ್ತೆ ಅಂತ ಹೂಂ ಅಂತಿದ್ದೆ. ಅವಳು ನಗ್ತಿದ್ಳು, ಅಷ್ಟು ಗೊತ್ತಾಯ್ತು."

ಅವಳು ಉತ್ತರ ಬರೆದಳು: ಸಹಿ ಹಾಕಬೇಡ. ಅದು ಅವನನ್ನು ಮುಟ್ಟಲಿಲ್ಲ.

ಅತ್ತೆಗೆ ಮಷೀನ್ ಓಡಿಸಲು ಹೇಳಿ ಅವಳು ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಎದುರು ಕೂತಳು. ಪಕ್ಕದಲ್ಲಿ ಅತ್ತಿಗೆ ನಿಂತಿದ್ದಳು, ಯಾಕೆ ಮತ್ತೆ ಪರೀಕ್ಷೆ ಎಂದು ಗೊತ್ತಿಲ್ಲದೆ. ಬರುವ ವೇಗ ಐವತ್ತೆಂಟು. ಹೋಗುವ ವೇಗ ಬರೀ ಅರ್ಧ ಎಂಬಿಪಿಎಸ್. ಕೆಳಗಿನ ಮೋಟಾರು ಕರೆಂಟಿನ ತಂತಿಯಲ್ಲಿ ಎಬ್ಬಿಸುವ ಗಲಾಟೆ ಅಲ್ಲೇ ಪಕ್ಕದ ಅಡಾಪ್ಟರಿನ ಕಿವಿ ಕಿವುಡಾಗಿಸಿತ್ತು. ಮೇಲಿಂದ ಕಳಿಸಿದ್ದೇನೂ ಅದಕ್ಕೆ ದಕ್ಕಿರಲಿಲ್ಲ. ಡಬ್ಬಿಯಿಂದ ಬಿಳಿಯದನ್ನು ತೆಗೆದು ಸಿಕ್ಕಿಸಿದಳು. ಹೋಗುವ ವೇಗ ಆರು. ಎರಡು ಕೈಗಳಿಗೆ ಆರು ಸಾಕು.

ನಾದಿನಿ ಮೆಸೇಜು ತೋರಿಸಿದಳು. ಅತ್ತಿಗೆ ನಿಧಾನವಾಗಿ ಓದಿದಳು.

"ಎರಡು ಸಲ ಹೂಂ ಅಂದ," ಎಂದಳು.

"ನೋಡಿ ಅಂದದ್ದಲ್ಲ ಅತ್ತಿಗೆ."

"ನಾನು ನೋಡಿದೆನಲ್ಲ."

ಕೆಳಗೆ ಮಷೀನು ಇನ್ನೂ ಓಡುತ್ತಿತ್ತು. ನಿಲ್ಲಿಸಲು ಅತ್ತೆಗೆ ಯಾರೂ ಹೇಳಿರಲಿಲ್ಲ. ಅತ್ತಿಗೆ ಕಪ್ಪು ಅಡಾಪ್ಟರನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಚಪ್ಪಲಿಯನ್ನು ಇಟ್ಟಲ್ಲೇ ಬಿಟ್ಟಳು.

ಹಡಗು ಮುಂದಿನ ಬಂದರು ಮುಟ್ಟುವ ಮೊದಲೇ ಸಹಿ ಬಿದ್ದಿತ್ತು. ಕಳೆದುಹೋದದ್ದು ಮೂವತ್ತೈದು ನಿಮಿಷದ ಮಾತು ಮತ್ತು ಒಂದು ವರ್ಷ.